ಕುಣಿ ತೋಡುವ ತನಕ

ಪಾರ್ವತೆಮ್ಮ ತೀರಿಕೊಂಡ ಸುದ್ದಿ ತಿಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಆಕೆ ನನ್ನ ಸೋದರತ್ತೆ, ನನಗೆ ಭಜನೆ ಕಲಿಸಿದವಳು. "ನಾ ಸತ್ತಾಗ ನೀನ ಹಾಡಬೇಕು ನೋಡು ರಾಜೀ. ಇಲ್ಲಾಂದ್ರ ನಾ ಕುಣಿಗೆ ಇಳಿಯಂಗಿಲ್ಲ," ಎಂದು ನಗುತ್ತಿದ್ದಳು. ನಾನೂ ಆಗಲಿ ಎಂದಿದ್ದೆ. ಆಗ ನನ್ನ ದನಿ ನನ್ನ ಮಾತು ಕೇಳುತ್ತಿತ್ತು.

ಹೋದ ವರ್ಷ ಲಿಂಗಸುಗೂರಿನ ಭಜನಾ ಸ್ಪರ್ಧೆಯಲ್ಲಿ ಅದು ಕೈಕೊಟ್ಟಿತು. ಏರುದನಿಯ ಸಾಲಿನಲ್ಲಿ ಸ್ವರ ಒಡೆಯಿತು. ಮುಂದೆ ಕೂತವರು ಯಾರೋ ಕಿಸಕ್ಕೆಂದರು. ಅವತ್ತಿನಿಂದ ಹಾಡಲು ಬಾಯಿ ತೆರೆದರೆ ಆ ಸಾಲು ಇನ್ನೆಷ್ಟು ದೂರ ಎಂಬುದೇ ಧ್ಯಾನ. ಜ್ಯೇಷ್ಠಮಧು ಅಗಿದೆ, ಮೆಣಸಿನ ಕಷಾಯ ಕುಡಿದೆ, ಅಡುಗೆಮನೆಯಲ್ಲಿ ಮೊಬೈಲಿಗೆ ಹಾಡಿ, ಕೇಳಿ, ಅಳಿಸಿದೆ. ಒಡೆಯುತ್ತದೆಯೇನೋ ಎಂದು ಕಾಯುತ್ತ ಹಾಡಿದರೆ ಒಡೆಯದೆ ಇನ್ನೇನಾಗುತ್ತದೆ? ಕೊನೆಗೆ ಸಾಕಾಗಿ ಸಿಂಧನೂರಿನ ನಮ್ಮ ಭಜನಾ ಮಂಡಳಿಗೆ ಹೋಗುವುದನ್ನೇ ಬಿಟ್ಟೆ.

ಮಾವನವರು ಹಾಸಿಗೆ ಹಿಡಿದಿದ್ದರಿಂದ ನನ್ನ ಗಂಡ ಶಿವಕಾಂತ ಮನೆಯಲ್ಲೇ ಉಳಿದರು. ಒಬ್ಬಳೇ ಅತ್ತೆಯ ಊರು ಬಳಗಾನೂರಿನ ಬಸ್ ಹತ್ತಿದೆ. ಮಾವನವರ ಚಾಕರಿಯಲ್ಲಿ ನಿದ್ದೆಗೆಟ್ಟ ಕಣ್ಣು ಉರಿಯುತ್ತಿದ್ದವು. ಮಸ್ಕಿಯ ಮಂಡಳಿಯವರು ಬಂದಿರುತ್ತಾರೆ, ಅವರೇ ಹಾಡಲಿ, ನನ್ನನ್ನು ಯಾರೂ ಕೇಳದಿರಲಿ ಎಂದುಕೊಳ್ಳುತ್ತ ಹೋದೆ. ಸತ್ತವಳು ಅತ್ತೆ, ನನಗೋ ನನ್ನ ಗಂಟಲಿನ ಚಿಂತೆ. ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಅತ್ತೆಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಹಾರ. ನಾನು ಸರಿಯಾಗಿ ನೋಡಲಿಲ್ಲ. ಎದುರಿಗೆ ಮಸ್ಕಿಯವರು ಕೂತಿದ್ದರು. ಹಾರ್ಮೋನಿಯಂ ಪೇಟಿ ನುಡಿಸುವ ಹೊನ್ನೂರಪ್ಪ ನನ್ನನ್ನು ಕಂಡವನೇ ಪಕ್ಕದ ಜಾಗ ತೋರಿಸಿದ.

"ಬಂದ್ಯಾ ತಂಗೆವ್ವಾ? ರಾತ್ರಿಯಿಂದ ಹಾಡಿ ನಮ್ಮ ಗಂಟಲೆಲ್ಲ ಕೂತುಬಿಟ್ಟಾವ. ಕಾಲುವಿಗೆ ನೀರು ಬಿಟ್ಟಾರಲ್ಲ, ತೋಡಿದ ಕುಣ್ಯಾಗ ನೀರು ಜಿನಗಾಕತ್ತೈತಂತ. ಬ್ಯಾರೆ ಕಡೆ ತೋಡಾಕತ್ಯಾರ. ಅಲ್ಲೀ ತನಕ ಸುಮ್ಮ ಕುಂದ್ರಾಕ ಬರಂಗಿಲ್ಲ. ನೀ ಒಂದು ಹಾಡು ಹಿಡಿ."

"ನನಗ ಆಗಂಗಿಲ್ರೀ ಅಣ್ಣಾ. ದನಿ ಒಡೀತೈತಿ."

"ಒಡದರ ಒಡೀಲೇಳು. ಯಾರು ನಂಬರ್ ಕೊಡಾಕ ಕುಂತಾರ ಇಲ್ಲಿ?" ಎಂದವನು ಪೇಟಿಯ ಮೇಲೆ ಆಗಲೇ ಬೆರಳಿಟ್ಟಿದ್ದ.

ವಾದ ಮಾಡಲು ನನಗೆ ತ್ರಾಣವಿರಲಿಲ್ಲ. ಹಿಡಿದೆ. ಏರುದನಿಯ ಸಾಲು ಬಂತು, ಹಸಿ ಬಿದಿರು ಸೀಳಿದಂತೆ ದನಿ ಒಡೆಯಿತು. ಕಣ್ಣು ಮುಚ್ಚಿ ನಗೆಗಾಗಿ ಕಾದೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಯಾರೂ ನನ್ನ ಕಡೆ ತಿರುಗಿಯೇ ಇಲ್ಲ. ಒಬ್ಬಾಕೆ ಗೋಡೆಗೆ ತಲೆಕೊಟ್ಟು ತೂಕಡಿಸುತ್ತಿದ್ದಳು. ಅತ್ತೆಯ ಮಗ ವೀರೇಂದ್ರ ಅಂಗಳದಲ್ಲಿ ಫೋನ್ ಹಿಡಿದು, "ಎತ್ತರದ ಜಾಗ ನೋಡ್ರಲೇ!" ಎಂದು ಕೂಗುತ್ತಿದ್ದ. ಸತ್ತ ಮನೆಯಲ್ಲಿ ಭಜನೆಗೆ ಯಾರೂ ಭಲೆ ಅನ್ನುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಇಷ್ಟು ವರ್ಷ ಇಂಥ ಮನೆಗಳಲ್ಲಿ ಹಾಡಿದವಳು ನಾನು, ಅದನ್ನು ಗಮನಿಸಿಯೇ ಇರಲಿಲ್ಲ.

ಭಜನೆಯಲ್ಲಿ ಒಂದು ಸಾಲನ್ನು ಒಮ್ಮೆ ಹಾಡಿ ಬಿಡುವಂತಿಲ್ಲ. ಹಿಮ್ಮೇಳದವರು ಎತ್ತಿಕೊಂಡರು, ತಾಳ ಸುತ್ತಿಬಂದು ಅದೇ ಸಾಲು ಮತ್ತೆ ನನ್ನ ಪಾಲಿಗೆ ಬಂತು. ಮತ್ತೆ ಒಡೆಯಿತು. ಮತ್ತೆ ಬಂತು. ಎಷ್ಟನೆಯ ಸಲವೋ, ಒಡೆಯುವುದನ್ನು ಕಾಯುವುದೇ ನನಗೆ ಬೇಸರವಾಗಿಹೋಯಿತು. ಹೆದರಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದೂ ತೀರಿತ್ತು. ಆಗ ಅತ್ತೆಯ ಮುಖ ಕಂಡಿತು. ತುಟಿಯ ಮೇಲೆ ವಿಭೂತಿ ಉದುರಿತ್ತು. ಹಾರವೊಂದು ಮೇಲೆ ಸರಿದು ಕಿವಿ ಮುಚ್ಚಿತ್ತು. ಹಾಡುತ್ತಲೇ ಕೈಚಾಚಿ ಅದನ್ನು ಸರಿಸಿದೆ. ಕಿವಿ ತಣ್ಣಗಿತ್ತು. ಕಣ್ಣೀರು ಬಾಯಿಗೆ ಇಳಿಯಿತು, ಹಾಡು ನಿಲ್ಲಿಸಲಿಲ್ಲ.

ಮುಗಿದ ಮೇಲೆ ಹೊನ್ನೂರಪ್ಪ ಚಲೋ ಆಯ್ತೆಂದೂ ಅನ್ನಲಿಲ್ಲ, ಕೆಟ್ಟಿತೆಂದೂ ಅನ್ನಲಿಲ್ಲ. "ಇನ್ನೊಂದು ಹಿಡಿ. ತೋಡಾಕ ಹೋದೋರು ಇನ್ನಾ ಬಂದಿಲ್ಲ," ಎಂದ. ಹಿಡಿದೆ. ಅದರ ಮೇಲೆ ಮತ್ತೊಂದು.

ಮಣ್ಣು ಕೊಟ್ಟು ಸಿಂಧನೂರಿಗೆ ಬಂದಾಗ ಹೊತ್ತು ಇಳಿದಿತ್ತು. ನನ್ನ ಗಂಡ ಅಂಗಳದ ಬಚ್ಚಲಿಗೆ ಬಿಸಿನೀರು ತಂದಿಟ್ಟರು. ನನ್ನ ಮುಖ ನೋಡುತ್ತ ಮೆಲ್ಲಗೆ ಕೇಳಿದರು.

"ದನಿ ಬಂತೇನು?"

ಚೊಂಬು ಹಿಡಿದು ನಿಂತು ನೆನಪು ಮಾಡಿಕೊಂಡೆ. ಆ ಸಾಲು ಕಡೆಗಾದರೂ ಕೂಡಿಬಂತೋ, ಒಡೆದೇ ಉಳಿಯಿತೋ, ಎಷ್ಟು ನೆನೆದರೂ ಗೊತ್ತಾಗಲಿಲ್ಲ.

"ಹಾಡಿದೆನ್ರೀ," ಎಂದೆ.

"ಅದಲ್ಲ, ಬಂತೇನಂತ..."

"ನಮ್ಮತ್ತಿ ಹ್ವಾದಳ್ರೀ," ಎಂದು ಬಚ್ಚಲ ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಅಳತೊಡಗಿದೆ.