ಬಾರ್ ತಗ್ಗಿಸಿದ ಸೈಕಲ್ಲು

ಕೋದಂಡಪ್ಪ ಬಂದವನೇ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿದ. ಕೇಳಲಿಲ್ಲ, ಹೇಳಲಿಲ್ಲ. ಸೀಟು ಮಣ್ಣಿಗೆ, ಚಕ್ರ ಮೇಲಕ್ಕೆ. ಸಂಜೆಯ ಹಾಲಿಗೆಂದು ಕ್ಯಾನು ತೊಳೆಯುತ್ತಿದ್ದ ಆದಿಲಕ್ಷ್ಮಮ್ಮನಿಗೆ ಆಗಲೇ ಮೈ ಉರಿಯಿತು.

ಈ ಕೋದಂಡಪ್ಪನಿಗೆ ಬಂಗಾರಪೇಟೆಯಲ್ಲಿ ಸೈಕಲ್ ಅಂಗಡಿ. ಈಚೆಗೆ ಬೆಂಗಳೂರಿನ ಯಾರೋ ಸಾಹೇಬರಿಗೆ ಹಳೇ ಫಾರಿನ್ ಸೈಕಲ್ ಹುಡುಕಿಕೊಡುವ ದಲ್ಲಾಳಿ ಕೆಲಸವನ್ನೂ ಹಿಡಿದಿದ್ದ. ಯಾವುದು ಒರಿಜಿನಲ್, ಯಾವುದು ಅಲ್ಲ ಎಂದು ಅವನ ಬಾಯಿಂದ ಬಂದದ್ದೇ ತೀರ್ಪು. ಅವನನ್ನು ಕಾಮಸಮುದ್ರದ ಪಕ್ಕದ ಈ ಹಳ್ಳಿಗೆ ಕರೆತಂದವನು ಅವಳ ಗಂಡ ಬಚ್ಚಪ್ಪ. ಸೈಕಲ್ ಮಾರಿ ಮೊಪೆಡ್ ತರುವ ಹುಚ್ಚು ಅವನಿಗೆ. ಸೈಕಲ್ಲು ಹೆಂಡತಿಯದು, ಅವಳನ್ನೊಂದು ಮಾತು ಕೇಳಬೇಕು ಎಂಬುದು ಮಾತ್ರ ಮಹಾರಾಯನಿಗೆ ಹೊಳೆಯಲಿಲ್ಲ.

ಅದು ತೌರಿನಿಂದ ಅವಳ ಜೊತೆ ಬಂದ ಸೈಕಲ್ಲು. ಅಪ್ಪ ಮುನಿಸ್ವಾಮಪ್ಪ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದವನು. ಎಂಬತ್ಮೂರರಲ್ಲಿ ಬಂಗಲೆಯ ಅಧಿಕಾರಿಯೊಬ್ಬರು ಸಂಸಾರಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ ಮಗನ ಬಿಎಮ್‌ಎಕ್ಸ್ ಎಂಬ ಗಿಡ್ಡ ಫಾರಿನ್ ಸೈಕಲ್ಲನ್ನು ಗುಜರಿಗೆ ಎಸೆದಿದ್ದರು. ಗುಂಡಿಗೆ ಬಿದ್ದು ಮೇಲಿನ ಬಾರ್ ಬಾಗಿಹೋಗಿತ್ತು. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ಆಂಡರ್ಸನ್‌ಪೇಟೆಯ ಮನೆಗೆ ತಂದ. ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಮಗಳು ಲಂಗ ಉಟ್ಟುಕೊಂಡು ಕಾಲೆತ್ತಿ ಬಾರ್ ದಾಟುವುದು ಹೇಗೆ? ಅದಕ್ಕೆಂದೇ ಬಾಗಿದ ಬಾರನ್ನು ಕುಯ್ದು ತೆಗೆದು, ಬೇರೆ ಪೈಪನ್ನು ಮುಂದಿನಿಂದ ಇಳಿಜಾರಾಗಿ ತಂದು ಪೆಡಲ್ಲಿನ ಹತ್ತಿರಕ್ಕೆ ಕೂರಿಸಿದ. ಸೀಟಿನ ಕಂಬ ಉದ್ದ ಮಾಡಿದ. "ಪೊಣ್ಣುಕ್ಕು ಸೈಕಿಲಾ, ಮುನಿಸಾಮಿ?" ಹೆಣ್ಣುಹುಡುಗಿಗೆ ಸೈಕಲ್ಲೇ, ಎಂದು ಜೊತೆಗಾರರು ತಮಿಳಿನಲ್ಲಿ ಹಲ್ಲು ಕಿಸಿದರು. ಹೂಂ, ನನ್ನ ಮಗಳಿಗೇ, ಅಂದ.

ಲಂಗ ಹೋಗಿ ಸೀರೆ ಬಂತು, ಪುಸ್ತಕ ಹೋಗಿ ಹಾಲಿನ ಕ್ಯಾನು ಬಂತು. ಇಷ್ಟು ವರ್ಷ ಎರಡು ಕಡೆ ಕ್ಯಾನು ತೂಗುಹಾಕಿ ಡೈರಿಗೆ ಹೋಗಿಬಂದರೂ ಅಪ್ಪನ ಬೆಸುಗೆ ಒಂದು ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಅವನ ಕೈ ಮುಟ್ಟಿದ್ದು ಅಂತ ಅವಳ ಹತ್ತಿರ ಉಳಿದದ್ದು ಅದೊಂದೇ.

ಕೋದಂಡಪ್ಪ ಸ್ಪ್ಯಾನರಿನಿಂದ ಅಲ್ಲಲ್ಲಿ ತಟ್ಟಿದ. ಕಿವಿಗೊಟ್ಟು ಕೇಳಿದ. ತಲೆ ಅಲ್ಲಾಡಿಸಿದ.

"ಹ್ಯಾಂಡಲ್ ತಲೆ ಒರಿಜಿನಲ್ಲು. ಚಕ್ರದ ಕವೆ ಒರಿಜಿನಲ್ಲು. ಆದ್ರೆ ಈ ಬಾರ್ ಕುಯ್ದೋನ್ಯಾವನ್ಲಾ ಬಚ್ಚಪ್ಪ? ಕಟುಕ ನನ್ಮಗ! ಬಿಎಮ್‌ಎಕ್ಸ್‌ಗೆ ಈ ಬಾರೇ ಜೀವ. ಒಳ್ಳೆ ಫಾರಿನ್ ಮಾಲು, ಕೆಡಿಸಿ ಕುಂಡ್ರಿಸವ್ನೆ!"

ಬಚ್ಚಪ್ಪ ಹೆಂಡತಿಯ ಕಡೆ ನೋಡಲಿಲ್ಲ. "ಅಂಗಾದ್ರೆ ಏನೂ ಗಿಟ್ಟಾಕಿಲ್ವಾ, ಕೋದಂಡಣ್ಣ?" ಅಂದ.

"ಇದನ್ನ ಕುಯ್ದಾಕಿ, ನೆಟ್ಟಗೆ ಒಂದ್ ಬಾರ್ ಕೂರಿಸ್ತೀನಿ. ಪುಟ್ಟಿ ಮೆತ್ತಿ ಬಣ್ಣ ಒಡುದ್ರೆ ಒರಿಜಿನಲ್ಲೇ. ಸಾಯೇಬ್ರಿಗೆ ಎಲ್ಲಿ ಗೊತ್ತಾತದೆ?"

ಕೇಳಿದಿರಾ? ಅಪ್ಪ ಕುಯ್ದದ್ದು ಕಟುಕತನ, ಇವನು ಕುಯ್ದರೆ ಒರಿಜಿನಲ್! ಆದಿಲಕ್ಷ್ಮಮ್ಮ ಕ್ಯಾನನ್ನು ಧಡ್ಡನೆ ಕುಕ್ಕಿದಳು. ಬಚ್ಚಪ್ಪ ಸುಮ್ಮನಿರು ಅಂತ ಕಣ್ಣಲ್ಲೇ ಬೇಡಿಕೊಂಡ. ಹೊರಗಿನವರ ಮುಂದೆ ಗಂಡನ ಮರ್ಯಾದೆ ಕಳೆಯಬಾರದೆಂದು ಅವಳು ಹಲ್ಲು ಕಚ್ಚಿಕೊಂಡಳು.

ಎಲ್ಲಿ ಕುಯ್ಯಬೇಕೆಂದು ಗೊತ್ತುಮಾಡಲು ಕೋದಂಡಪ್ಪ ಚಾಕು ತೆಗೆದು ಬಣ್ಣ ಕೆರೆಯತೊಡಗಿದ. ಪ್ರತಿ ಆಯುಧಪೂಜೆಗೂ ಬಳಿದ ಬಣ್ಣ, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಸಿಪ್ಪೆ ಸಿಪ್ಪೆಯಾಗಿ ಉದುರಿತು. ಕಬ್ಬಿಣ ಕಂಡಿತು. ಚಾಕು ನಿಂತುಹೋಯಿತು.

"ಅಯ್ಯಯ್ಯೋ! ನಂಬರೈತಲ್ಲೋ! ಮುನ್ನೂರ ಅದಿನೇಳು! ಕಂಪ್ನಿ ನಂಬರು ಕಣ್ಲಾ ಇದು, ಮೊದಲ್ನೇ ಲಾಟಿಂದು! ಅಂಗಾದ್ರೆ ಈ ಪೈಪೂ ಕಂಪ್ನೀದೇ. ಎಣ್ಮಕ್ಕಳಿಗೇಂತ ಮಾಡಿರೋ ಮಾಡೆಲ್ಲು! ನನ್ ಸರ್ವೀಸ್ನಾಗೇ ಕಂಡಿಲ್ಲ." ಬೆಸುಗೆಯ ಮೇಲೆ ಮಗುವಿನ ಕೆನ್ನೆ ಸವರುವಂತೆ ಬೆರಳಾಡಿಸಿದ. "ವೆಲ್ಡಿಂಗ್ ನೋಡು, ಎಷ್ಟು ಸಮವಾಗೈತೆ. ನಮ್ಮೋರ ಕೈಯಾಗೆ ಆತದಾ ಇದು? ದೊರೆಗಳ ಕೈಕೆಲಸ ಅಂದ್ರೆ ಇದು!"

ಬಚ್ಚಪ್ಪನ ಮುಖ ಊರಗಲವಾಯಿತು. ಅದು ಯಾರ ನಂಬರೆಂದು ಅವನಿಗೂ ಗೊತ್ತಿತ್ತು, ಮಾವನೇ ಹೇಳಿದ್ದ. ಆದರೂ ಬಾಯಿಗೆ ಬೀಗ.

"ಅದು ನಮ್ಮಪ್ಪನ ನಂಬರು," ಅಂದಳು ಆದಿಲಕ್ಷ್ಮಮ್ಮ.

"ಏನಮ್ಮಾ?"

"ನಮ್ಮಪ್ಪನ ಟೋಕನ್ ನಂಬರು. ವರ್ಕ್‌ಶಾಪಾಗೆ ಅವರವರು ಬೆಸೆದಿದ್ದರ ಪಕ್ಕ ಅವರವರ ನಂಬರ್ ಒಡೀಬೇಕಿತ್ತು. ಎಲ್ಲದಕ್ಕೂ ಅಲ್ಲ. ಅದಿರು ಎಳೆಯೋ ತೊಟ್ಟಿಗಿಲ್ಲ, ಆಳುಗಳು ಗಣಿಯೊಳಕ್ಕೆ ಇಳಿಯೋ ಕಬ್ಬಿಣದ ಕೇಜಿಗೆ ಮಾತ್ರ. ಜೀವ ಓಗೋ ಜಾಗ ನೋಡಿ, ಬೆಸುಗೆ ಬಿಟ್ರೆ ಯಾರ ಕುತ್ತಿಗೆ ಇಡೀಬೇಕೂಂತ ಗೊತ್ತಾಗಲೀಂತ. ನಾನು ಕೂತ್ಕಳೋ ಸೈಕಲ್ಲೂಂತ ಇದಕ್ಕೂ ಒಡದ. ನೀನೀಗ ಕಟುಕ ಅಂದ್ಯಲ್ಲ, ಅವನೇ."

ಕೋದಂಡಪ್ಪ ಬೆರಳನ್ನು ಪೈಪಿನಿಂದ ತೆಗೆದ, ಪಂಚೆಗೆ ಒರೆಸಿಕೊಂಡ. ಆ ಒರೆಸಿಕೊಂಡದ್ದನ್ನು ಅವಳು ಸಾಯುವ ತನಕ ಮರೆಯುವವಳಲ್ಲ.

"ಓ, ಲೋಕಲ್ ಕೆಲಸ," ಅಂದ. "ಅಂಗಾದ್ರೆ ಮೊದಲ್ನೇ ಮಾತೇ. ಕುಯ್ಯಬೇಕು."

ಅವಳ ಸಹನೆಯ ಕಟ್ಟೆ ಒಡೆಯಿತು. "ಏನಯ್ಯಾ, ನಿನ್ನ ಬಾಯಾಗಿನ ಎಲೆಯಡಿಕೆ ಇನ್ನೂ ನುಣ್ಣಗಾಗಿಲ್ಲ, ಅಷ್ಟ್ರೊಳಗೆ ಕಬ್ಬಿಣ ಬದಲಾಗೋಯ್ತಾ? ಅದೇ ಪೈಪು, ಅದೇ ಬೆಸುಗೆ. ದೊರೆ ಮಾಡಿದ್ದಾದ್ರೆ ಕೈಕೆಲಸ, ಮುನಿಸ್ವಾಮಪ್ಪ ಮಾಡಿದ್ದಾದ್ರೆ ಕಟುಕತನ. ನೀನು ಸೈಕಲ್ಲಿಗೆ ಬೆಲೆ ಕಟ್ತೀಯೋ, ಮನುಷ್ಯರಿಗೆ ಕಟ್ತೀಯೋ?"

"ಲೇ ಆದಿ..." ಎಂದು ಬಚ್ಚಪ್ಪ ಎದ್ದ.

"ನೀನ್ ಸುಮ್ಕಿರು. ಮಾವನ್ನ ಬೈಯುವಾಗ ಬಾಯಿ ಬರಲಿಲ್ಲ ನಿಂಗೆ."

ಬಚ್ಚಪ್ಪ ಕುಳಿತುಕೊಂಡ. ಕೋದಂಡಪ್ಪ ವ್ಯಾಪಾರಸ್ಥ, ಬಿಟ್ಟಾನೆಯೇ? ದನಿ ತಗ್ಗಿಸಿ ಬೆಣ್ಣೆ ಹಚ್ಚಿದ.

"ಕೋಪ ಯಾಕಮ್ಮಾ? ಒಂದ್ ಕೆಲಸ ಮಾಡಾನ. ಕುಯ್ಯೋದೂ ಬ್ಯಾಡ. ಇದು ಕಂಪ್ನಿ ನಂಬರೂ, ಕಂಪ್ನಿ ಪೈಪೂಂತ ಸಾಯೇಬ್ರಿಗೆ ಯೋಳ್ತೀನಿ. ನಿಮ್ಮಪ್ಪನ ಎಸರು ಮಾತ್ರ ಎತ್ತಬ್ಯಾಡ. ಒಳ್ಳೆ ರೇಟಿಗೆ ಓಯ್ತದೆ."

ಕುಯ್ಯುತ್ತೇನೆ ಅಂದದ್ದಕ್ಕಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು. ಬೆಸುಗೆ ಬಿಟ್ಟರೆ ಬೈಗುಳ ತಾನೇ ತಿನ್ನುತ್ತೇನೆ ಅಂತ ಅಪ್ಪ ನಂಬರ್ ಹೊಡೆದದ್ದು. ಹೊಗಳಿಕೆ ಬಂದಾಗ ಅದು ಯಾವುದೋ ಊರು ಕಾಣದ ಕಂಪನಿಯ ಪಾಲಾಗಬೇಕೇ? ಅವಳು ಸೈಕಲ್ಲನ್ನು ತಾನೇ ತಿರುಗಿಸಿ ನಿಲ್ಲಿಸಿದಳು, ಸೀಟಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಸಾಯೇಬ್ರಿಗೆ ಏನಂತ ಯೋಳ್ಲಿ ಮತ್ತೆ? ಫೋನ್ ಮಾಡ್ತೀನಿ ಅಂದಿವ್ನಿ," ಎಂದು ಕೋದಂಡಪ್ಪ ಗೊಣಗಿದ.

"ಮುನಿಸ್ವಾಮಪ್ಪನ ಕೆಲಸ ಅಂತ ಯೋಳು. ಪೂರ್ತಿ ಒರಿಜಿನಲ್ಲು ಅಂತ ಯೋಳು. ಮಾರೋದಕ್ಕಿಲ್ಲ ಅಂತಾನೂ ಯೋಳು."

ಹಾಲು ಕರೆದು, ಕ್ಯಾನು ತೂಗುಹಾಕಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ತಗ್ಗಿದ ಬಾರಿನ ಮೇಲಿಂದ ಸಲೀಸಾಗಿ ಕಾಲು ದಾಟಿಸಿ ಅವಳು ಡೈರಿಗೆ ಹೊರಟುಹೋದಳು. ಗಂಡನ ಜೊತೆ ಆ ವಾರವೆಲ್ಲ ಮಾತಿಲ್ಲ.

ಆಯುಧಪೂಜೆಯ ಹಿಂದಿನ ದಿನ ಬಚ್ಚಪ್ಪ ತಾನಾಗಿಯೇ ಬಣ್ಣದ ಡಬ್ಬಿ ತಂದು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅವಳು ದೂರದಿಂದಲೇ ನೋಡುತ್ತಿದ್ದಳು. ಕೋದಂಡಪ್ಪ ಕೆರೆದ ಜಾಗಕ್ಕೆ ಬಂದಾಗ ಅವನು ಬ್ರಷ್ ಎತ್ತಿದ, ಆ ಮೂರು ಅಂಕಿಯ ಸುತ್ತ ಬಳಿದು ಅಷ್ಟನ್ನು ಹಾಗೆಯೇ ಬಿಟ್ಟ. ಮಾರನೆಯ ದಿನ ಕುಂಕುಮವನ್ನು ಮೊದಲು ಅಲ್ಲಿಗೇ ಇಟ್ಟ.