ಜಗಲಿಯ ಮೇಲೊಂದು ಒದ್ದೆ ಹೆಜ್ಜೆ

ಮೋಹನ ಬೆಳಿಗ್ಗೆ ಎದ್ದವನೇ ಮೊದಲು ಮಾಡುತ್ತಿದ್ದ ಕೆಲಸ ಜಪವಲ್ಲ, ಜಗಲಿ ಒರೆಸುವುದು. ಹೆಂಡತಿ ಮೋನಿಕಾ ಏಳುವ ಮುಂಚೆಯೇ ಹಳೇ ಪಂಚೆಯ ಚೂರು ಹಿಡಿದು ಬಾಗಿಲು ತೆಗೆಯುತ್ತಿದ್ದ. ಕೆಂಪು ಗಾರೆಯ ಮೇಲೆ, ಹೊಸ್ತಿಲಿಗೆ ಮುಖ ಮಾಡಿ, ಒಂದೇ ಒಂದು ಒದ್ದೆ ಹೆಜ್ಜೆ ಇರುತ್ತಿತ್ತು. ಬಲಗಾಲಿನದು. ಅದರಲ್ಲಿ ಹೆಬ್ಬೆರಳು ಇರುತ್ತಿರಲಿಲ್ಲ.

ಯಾರ ಹೆಜ್ಜೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಸವರಿಯಪ್ಪನ ಬಲಗಾಲಿನ ಹೆಬ್ಬೆರಳನ್ನು ಸಕ್ಕರೆ ಕಾಯಿಲೆ ತಿಂದು, ಡಾಕ್ಟರು ಕತ್ತರಿಸಿದ್ದರು. ಆ ಅಪ್ಪ ಸತ್ತು ವರ್ಷವಾಗುತ್ತ ಬಂದಿತ್ತು. ಒಂದು ದಿನ ತಡೆಯಲಾರದೆ ಹೆಂಡತಿಯನ್ನು ಕರೆದು ತೋರಿಸಿದ. "ನೆಲ ಒಣಗೇ ಅದಲ್ಲಾ ಕಣ್ರಿ" ಅಂದಳು.

ಸವರಿಯಪ್ಪ ಅಜ್ಜೀಪುರದ ರಸ್ತೆಬದಿಯ ಪುಟ್ಟ ಚರ್ಚಿನ ಉಪದೇಶಿ. ಪಾದ್ರಿಗಳು ಬಾರದ ಭಾನುವಾರ ಪ್ರಾರ್ಥನೆ ನಡೆಸುವುದು, ಗಂಟೆ ಹೊಡೆಯುವುದು ಅವನ ಪಾಲಿನದು. ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಕೊರಳಿಗೆ ಕಟ್ಟಿಕೊಂಡಿದ್ದ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುವವರನ್ನು ಜಗಲಿಗೆ ಕರೆದು, ಕಾಲು ತೊಳೆದು, ಬೊಬ್ಬೆಗೆ ಎಣ್ಣೆ ಹಚ್ಚಿ ಕಳಿಸುತ್ತಿದ್ದ. ಮೋಹನನಿಗೆ ಅದು ಮಾನ ಹೋಗುವ ಕೆಲಸ. "ಅವ್ರ ದ್ಯಾವ್ರಿಗೆ ಅವ್ರು ಓಯ್ತಾರೆ, ನಿಂಗ್ಯಾಕಪ್ಪಾ ಅವ್ರ ಕಾಲು?" ಎಂದು ರೇಗುತ್ತಿದ್ದ. ಅಪ್ಪ ನಕ್ಕು ಮತ್ತೆ ಚೊಂಬು ತುಂಬುತ್ತಿದ್ದ.

ಕಡೆಗೆ ಅಪ್ಪನ ಕಾಲೇ ಕೊಳೆಯತೊಡಗಿದಾಗ ತೊಳೆದವಳು ಮೋನಿಕಾ. ಮೋಹನ ಔಷಧಿ ತಂದ, ಆಟೊ ಮಾಡಿ ಆಸ್ಪತ್ರೆಗೆ ಒಯ್ದ, ಊರವರ ಬಾಯಲ್ಲಿ ಒಳ್ಳೇ ಮಗ ಎನಿಸಿಕೊಂಡ. ಕಾಲನ್ನು ಮಾತ್ರ ಮುಟ್ಟಲಿಲ್ಲ. ಆ ವಾಸನೆ ಬಂದರೆ ಮೂಗು ಮುಚ್ಚಿ ಎದ್ದು ಹೋಗುತ್ತಿದ್ದ.

ಅವತ್ತು ಮಟಮಟ ಮಧ್ಯಾಹ್ನ, ಮೋನಿಕಾ ಹನೂರಿಗೆ ಹೋಗಿದ್ದಳು. "ಮಗಾ, ಕಾಲು ಉರೀತದೆ, ಒಸಿ ನೀರು ಉಯ್ಯಿ ಬಾ" ಎಂದು ಅಪ್ಪ ಜಗಲಿಯಿಂದ ಕರೆದ. ಒಳಗೆ ಮೊಬೈಲು ನೋಡುತ್ತಿದ್ದ ಮಗರಾಯ ಉಸಿರು ಬಿಗಿಹಿಡಿದು ನಿದ್ದೆ ಬಂದವನಂತೆ ಬಿದ್ದುಕೊಂಡ. ಅಪ್ಪ ಇನ್ನೊಮ್ಮೆ ಕರೆದ. ಆಮೇಲೆ ಕರೆಯಲಿಲ್ಲ. ಮೋಹನ ಹೊರಗೆ ಬಂದಾಗ ಚೊಂಬು ಉರುಳಿ ಜಗಲಿಯೆಲ್ಲ ನೀರಾಗಿತ್ತು. ಅಪ್ಪ ಹೋಗಿಬಿಟ್ಟಿದ್ದ.

ಮರುದಿನದಿಂದಲೇ ಹೆಜ್ಜೆ ಕಾಣಿಸತೊಡಗಿತು. ಮೋಹನ ಪಾದ್ರಿಗಳ ಮುಂದೆ ಪಾಪ ನಿವೇದಿಸಿದ, ಅಪ್ಪನ ಹೆಸರಲ್ಲಿ ಪೂಜೆ ಹೇಳಿಸಿದ, ಸಮಾಧಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚಿದ. ಅಪ್ಪನ ಜಾಗದಲ್ಲಿ ನಿಂತು ಭಾನುವಾರ ಬೈಬಲ್ಲಿನ ಪ್ರೀತಿಯ ಮಾತನ್ನೂ ಓದಿದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ. ಹೆಜ್ಜೆ ಮಾತ್ರ ತಪ್ಪಲಿಲ್ಲ. ಅಪ್ಪ ತನ್ನನ್ನು ಕ್ಷಮಿಸಿಲ್ಲ ಎಂದು ಅವನು ಒಳಗೊಳಗೇ ಸವೆದುಹೋದ.

ಶಿವರಾತ್ರಿ ಬಂತು. ರಸ್ತೆಯಲ್ಲಿ "ಉಘೇ ಮಾದಪ್ಪ" ಎನ್ನುತ್ತ ಜನ ಸಾಗುತ್ತಿದ್ದರೆ ಮೋಹನ ಬಾಗಿಲು ಹಾಕಿಕೊಂಡು ಒಳಗೆ ಕೂತ. ಸಂಜೆ ಯಾರೋ ಜಗಲಿಗೆ ಕುಸಿದ ಸದ್ದಾಯಿತು.

"ಕಾಲು ಉರೀತದೆ, ಒಸಿ ನೀರು ಉಯ್ಯಿ ಬನ್ನಿ."

ಅದೇ ಮಾತು, ಅದೇ ಜಾಗದಿಂದ. ಮೋಹನನ ಉಸಿರು ಅವತ್ತಿನ ಹಾಗೆಯೇ ಕಟ್ಟಿತು. ಇನ್ನೊಮ್ಮೆ ಕರೆಯುವವರೆಗೆ ಕಾಯುವ ಧೈರ್ಯ ಅವನಿಗಿರಲಿಲ್ಲ. ಎದ್ದ, ಚೊಂಬು ಹಿಡಿದ, ಬಾಗಿಲು ತೆಗೆದ.

ಕೂತಿದ್ದವನು ಶಿವರಾತ್ರಿಗೊಮ್ಮೆ ಇದೇ ಜಗಲಿಗೆ ಬರುತ್ತಿದ್ದ ಕೊಳ್ಳೇಗಾಲದ ರೇಷ್ಮೆ ಮಗ್ಗದ ಬಸವಯ್ಯ. "ಉಪದೇಸಿಯಪ್ಪಾರು ಎಲ್ಲಿ?" ಎಂದ.

"ತೀರ್ಕಂಡ್ರು."

"ಅಯ್ಯೋ ಸಿವನೇ! ಬ್ಯಾಡ ಅಂದ್ರೂ ನನ್ ಕಾಲು ತೊಳೆಯೋರು ಕಣಪ್ಪಾ. 'ನಮ್ ಸ್ವಾಮಿನೇ ಸಿಸ್ಯರ ಕಾಲು ತೊಳ್ದವ್ನೆ, ನಂದೇನು ಎಚ್ಚು' ಅನ್ನೋರು. ನೀ ಮುಟ್ಬ್ಯಾಡ ಬುಡು, ನೀರು ಉಯ್ದ್ರೆ ಸಾಕು."

ಬೊಬ್ಬೆ ಒಡೆದು ಕೀವಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಮೋಹನ ಕಣ್ಣು ಮುಚ್ಚಿ ಮೊಣಕಾಲೂರಿ, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದ. ಕಾಲು ತಣ್ಣಗೆ ಕೊರೆಯುತ್ತಿತ್ತು. ಬೆರಳುಗಳ ಸಂದಿ ತೊಳೆಯುತ್ತ ಬಂದವನ ಕೈ ತುದಿಯಲ್ಲಿ ನಿಂತಿತು. ಹೆಬ್ಬೆರಳಿನ ಜಾಗದಲ್ಲಿ ಬರಿಯ ಹಳ್ಳವಿತ್ತು.

ಭಯವಾದರೂ ಕಾಲು ಬಿಡಲಿಲ್ಲ. "ಅಪ್ಪಾ" ಅಂದ. ಆ ಹಳ್ಳವನ್ನು ಮಗುವಿನ ನೆತ್ತಿ ತೊಳೆದ ಹಾಗೆ ಮೆಲ್ಲಗೆ ತೊಳೆದ. ಅಳು ಒತ್ತರಿಸಿ ಬಂತು.

"ಯಾಕಪ್ಪಾ ಅಳ್ತೀಯ? ನೋವು ನನ್ ಕಾಲಿಗಲ್ವಾ?" ಅಂದ ಬಸವಯ್ಯ.

ಮೋಹನ ಕಣ್ಣು ಬಿಟ್ಟ. ಬಸವಯ್ಯನ ಕಾಲಲ್ಲಿ ಐದು ಬೆರಳೂ ನೆಟ್ಟಗಿದ್ದವು. ಎಣ್ಣೆ ಹಚ್ಚಿ, ಬಟ್ಟೆ ಕಟ್ಟಿ, ಅವನನ್ನು ರಸ್ತೆಯವರೆಗೂ ಕೈಹಿಡಿದು ಬಿಟ್ಟು ಬಂದ. ಜಗಲಿಯನ್ನು ಚೆನ್ನಾಗಿ ಒರೆಸಿ ಮಲಗಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಹೆಜ್ಜೆ ಇತ್ತು. ಬಟ್ಟೆ ಹಿಡಿದು ಬಗ್ಗಿದವನು ಅಲ್ಲೇ ನಿಂತ. ಹೆಜ್ಜೆ ಇವತ್ತು ಹೊಸ್ತಿಲಿಗೆ ಬೆನ್ನು ಮಾಡಿ ರಸ್ತೆಯ ಕಡೆಗೆ ಹೊರಟಿತ್ತು. ಅದರಲ್ಲಿ ಐದೂ ಬೆರಳಿದ್ದವು.

ಹಿಂದೆ ಪೊರಕೆ ಹಿಡಿದು ಬಂದ ಮೋನಿಕಾ ಬಗ್ಗಿ ನೋಡಿದಳು. "ಇದ್ಯಾರ್ದು ಒದ್ದೆ ಎಜ್ಜೆ? ಒರಸ್ಬುಡ್ರಿ, ಯಾರಾರ ಜಾರಿ ಬಿದ್ದಾರು."

"ಬ್ಯಾಡ ಬುಡು. ತಾನಾಗೇ ಆರ್ಲಿ" ಅಂದ ಮೋಹನ. ಬಿಸಿಲು ಜಗಲಿಗೆ ಬರುವವರೆಗೂ ಅದರ ಪಕ್ಕದಲ್ಲೇ ಕೂತಿದ್ದ.