ಮೀನಿಗೆ ಎರೆದ ಧಾರೆ

ಆವತ್ತು ಬೆಳಿಗ್ಗೆ ರಾಮನಾಥಪುರಕ್ಕೆ ರಾಮನಾಥಪುರವೇ ಮಂಜಿನೊಳಗೆ ಮುಳುಗಿತ್ತು. ಹೊಳೆ ಎಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಬೆಳ್ಳಗೆ ಕವಿದುಕೊಂಡಿತ್ತು. ಮಲ್ಲಿಪಟ್ಟಣದ ಕಡೆಯಿಂದ ಮೊದಲ ಬಸ್ಸು ಲೈಟು ಹಾಕಿಕೊಂಡೇ ಬಂದು ನಿಂತಾಗ ಇಳಿದವಳು ನೇತ್ರಾವತಿ ಒಬ್ಬಳೇ. ತಂಗಿಯ ಸೀಮಂತಕ್ಕೆಂದು ಹೋಗಿ ಎರಡು ರಾತ್ರಿ ತೌರಿನಲ್ಲಿದ್ದು ಬರುತ್ತಿದ್ದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ದೇವಸ್ಥಾನದ ದಿಕ್ಕಿಗೆ ತಿರುಗಿ, ಕಾಣದ ಗೋಪುರಕ್ಕೆ ಅಂದಾಜಿನಲ್ಲೇ ಕೈಮುಗಿದು ಮನೆಯ ದಾರಿ ಹಿಡಿದಳು.

ಅತ್ತೆ ಬೆಳ್ಳಮ್ಮ ಬಾಗಿಲಲ್ಲೇ ಕಾದಿದ್ದಳು. ಮುಖದ ತುಂಬ ನಗು.

"ಬಾ ಬಾ, ಒಳೀಕ್ ಬಾ. ನೀ ಬರಾದ್ರೊಳಗೆ ನಾ ಏನ್ ಮಾಡಿವ್ನಿ ನೋಡು. ಪ್ಯಾಟೆ ಇಂಜಿನಿಯರ್ಗೂ ಒಳೀಬೇಕಲ್ಲ ಈ ಬುದ್ಧಿ!"

ನಡುಮನೆಯಲ್ಲಿ, ದೇವರ ಕೋಣೆಯ ಗೋಡೆಗೆ ಆತು ಮಾವನ ಗಾಜಿನ ಮೀನಿನ ತೊಟ್ಟಿ ಇತ್ತು. ಅದರ ಮೇಲಿನ ಹಲಗೆಯಲ್ಲಿ ನೇತ್ರಾವತಿ ಇಟ್ಟು ಹೋಗಿದ್ದ ಪ್ಲಾಸ್ಟಿಕ್ ಬಕೆಟ್ಟು ಇರಲಿಲ್ಲ. ಅಲ್ಲಿ ಒಂದು ತಾಮ್ರದ ಧಾರಾಪಾತ್ರೆ ತೂಗುತ್ತಿತ್ತು. ಶಿವರಾತ್ರಿಯಲ್ಲಿ ಲಿಂಗದ ಮೇಲೆ ಕಟ್ಟುತ್ತಾರಲ್ಲ, ತಳದಲ್ಲಿ ತೂತಿರುವ ಪಾತ್ರೆ, ಅದು. ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಹೊಳೆಯುವ ಹಾಗೆ ಮಾಡಿ, ಮೂರು ಗೆರೆ ವಿಭೂತಿ ಬಳಿದಿದ್ದಳು ಅತ್ತೆ. ತೂತಿನ ನೂಲಿನಿಂದ ನೀರು ತೊಟ್ಟು ತೊಟ್ಟಾಗಿ ತೊಟ್ಟಿಗೆ ಬೀಳುತ್ತಿತ್ತು.

"ಈಶ್ವರನ ಪಾತ್ರೆ ಕಣವ್ವ. ಆ ಪಿಳಾಸ್ಟಿಕ್ಕು ದೇವರ ಗೋಡೆ ಮಗ್ಗುಲಾಗೆ ಯಾಕೆ? ನೋಡಲ್ಲಿ, ತೀರ್ಥ ಕುಡಿಯಕ್ಕೆ ಎಂಗೆ ಎಲ್ಲಾವೂ ಮ್ಯಾಕೆ ಬಂದವೆ!"

ನೇತ್ರಾವತಿ ನೋಡಿದಳು. ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

ಮೀನುಗಳು ಮೇಲೆ ಬಂದಿದ್ದವು, ನಿಜ. ಬಾಯನ್ನು ನೀರಿನಿಂದಾಚೆ ಚಾಚಿ, ಗಾಳಿಗಾಗಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕಿವಿರು ಬಡಿದುಕೊಳ್ಳುತ್ತಿತ್ತು. ಎರಡು ಆಗಲೇ ಮಗ್ಗುಲಾಗಿ ತೇಲುತ್ತಿದ್ದವು. ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳೆಲ್ಲ ತಳದ ಮರಳಿನ ಮೇಲೆ ಚಿಪ್ಪು ಬೋರಲಾಗಿ ಬಿದ್ದಿದ್ದವು.

"ಅತ್ತೆ, ಕುಡೀತಿಲ್ಲ ಅವು. ಸಾಯ್ತಾ ಅವೆ!"

ಬೆಳ್ಳಮ್ಮನ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು, ಇಳಿಯುವುದಕ್ಕೆ ದಾರಿ ಗೊತ್ತಾಗದ ಹಾಗೆ.

ಆ ಮೀನು ಮಾವ ನಂಜಪ್ಪನ ಜೀವ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ವರ್ಷಗಟ್ಟಲೆ ಎಲೆಯ ಬಣ್ಣ ನೋಡಿ ದರ್ಜೆ ಹೇಳುತ್ತಿದ್ದ ಕಣ್ಣು ಅವನದು. ಆ ಕಣ್ಣಿಗೆ ಪೊರೆ ಬಂದ ಮೇಲೆ ಹಾಸನದಿಂದ ಆರು ಗೋಲ್ಡ್ ಫಿಶ್ ತಂದಿದ್ದ. "ಕೆಂಪಗೆ ಏನೋ ಓಡಾಡ್ತದೆ ಅಂತ ಮಾತ್ರ ಗೊತ್ತಾಯ್ತದೆ, ಅಷ್ಟಾದ್ರೂ ಸಾಕು" ಎಂದು ಸಂಜೆಯೆಲ್ಲ ತೊಟ್ಟಿಯ ಮುಂದೆ ಕೂರುತ್ತಿದ್ದ. ಈಗ ಅವನು ಹಾಸನದ ಆಸ್ಪತ್ರೆಯಲ್ಲಿದ್ದ. ಆಪರೇಷನ್ ಆಗಿತ್ತು. ಮಗ ಶಿವರಾಜು ಜೊತೆಗಿದ್ದ.

ನೀರು ಬದಲಾಯಿಸುವುದು ನೇತ್ರಾವತಿಯ ಪಾಲಿಗೆ ಬಂದಿತ್ತು. ವಾರವಾರ ಬಕೆಟ್ಟು ಹೊತ್ತು ಹೊತ್ತು ಅವಳ ಸೊಂಟ ಹಿಡಿದುಕೊಂಡಿತ್ತು. ಕೊನೆಗೆ ಅವಳೇ ತೆಂಗಿನ ತೋಟದ ಡ್ರಿಪ್ ಪೈಪಿನ ತುಂಡು ತಂದು ಒಂದು ಉಪಾಯ ಮಾಡಿದ್ದಳು. ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು ಬ್ಲೀಚಿಂಗ್ ವಾಸನೆ ಹೋದ ನೀರು ಮೇಲಿನ ಬಕೆಟ್ಟಿನಿಂದ ದಿನವಿಡೀ ಹನಿಯುವುದು. ಹೆಚ್ಚಾದ ಹಳೇ ನೀರು ಬಗ್ಗು ಪೈಪಿನಲ್ಲಿ ಕಿಟಕಿ ದಾಟಿ ಕನಕಾಂಬರದ ಪಾತಿಗೆ ಹೋಗುವುದು. ಗಲೀಜಿಲ್ಲ, ಹೊರಬೇಕಾಗಿಲ್ಲ. ಮೀನಿಗೂ ದಿಢೀರ್ ಬದಲಾವಣೆಯ ಕಷ್ಟವಿಲ್ಲ. ನಂಜಪ್ಪ ಗೊಣಗಿದ್ದ: "ಸುಲಭದ ಕೆಲಸ ಯಾವತ್ತೂ ನಂಬಬಾರ್ದು ಕಣಮ್ಮ." ಆದರೂ ಒಪ್ಪಿದ್ದ.

ನೇತ್ರಾವತಿ ಧಾರಾಪಾತ್ರೆಯನ್ನು ಕಿತ್ತು ಕೆಳಗಿಟ್ಟಳು. ಸೊಂಟ ನೆನಪಾಗಲಿಲ್ಲ. ಡ್ರಮ್ಮಿಗೆ ಓಡಿದಳು, ಬಂದಳು, ಮತ್ತೆ ಓಡಿದಳು. ಪೈಪಿಗೆ ಬಾಯಿ ಹಚ್ಚಿ ಎಳೆದು ತೊಟ್ಟಿಯ ನೀರನ್ನು ಹೊರಕ್ಕೆ ಬಿಟ್ಟಳು. ಬಾಯಿಗೆ ಬಂದ ನೀರು ಕಹಿಯಾಗಿತ್ತು, ಕಬ್ಬಿಣ ನೆಕ್ಕಿದ ಹಾಗೆ. ಥೂ ಎಂದು ಉಗುಳಿ, ಹಾಗೇ ನಿಂತಳು. ಬಗ್ಗಿ ಧಾರಾಪಾತ್ರೆಯ ತೂತಿನ ನೂಲು ಎಳೆದು ಅತ್ತೆಯ ಮುಂದೆ ಹಿಡಿದಳು. ಬಿಳಿ ನೂಲು ಹಸಿರಾಗಿತ್ತು.

ಬೆಳ್ಳಮ್ಮ ಅದನ್ನು ಕೈಗೆ ತಗೊಂಡಳು. ಬೆರಳ ನಡುವೆ ಹೊಸಕಿದಳು.

"ಕಿಲುಬು," ಅಂದಳು. "ಹುಣಸೆಹಣ್ಣು ಸರೀಗೆ ತೊಳೀಲಿಲ್ಲ ಕಣವ್ವ... ನೀರು ರಾತ್ರಿಯೆಲ್ಲ ತಾಮ್ರದಾಗೆ ಇದ್ರೆ ಒಳ್ಳೇದು ಅಂತ ತೂತು ಮುಚ್ಚಿ ತುಂಬಿಟ್ಟು, ಬೆಳಿಗ್ಗೆ ಬಿಡ್ತಿದ್ದೆ. ನೀ ಮದುವೆಯಾಗಿ ಬಂದ ಹೊಸದ್ರಾಗೆ ತಾಮ್ರದ ಚೊಂಬಿಗೆ ಮಜ್ಜಿಗೆ ಉಯ್ದೆ ಅಂತ ಕೇರಿಯೆಲ್ಲ ಕೇಳಂಗೆ ಬೈದಿದ್ದೆ ನಾನು. ನಾನೇ..."

ಎದೆ ಮೇಲೆ ಕೈಯಿಟ್ಟುಕೊಂಡು ಕಂಬಕ್ಕೆ ಒರಗಿ ಕುಳಿತಳು. "ಈಶ್ವರ ಆದ್ರೆ ತಡ್ಕೋತಿದ್ದ. ಅವನು ಕಲ್ಲಾಗಿ ಕೂತವ್ನೆ. ಇವು ಆ ನೀರನ್ನೇ ಉಸಿರಾಡ್ತವಲ್ಲೋ ನಮ್ಮಪ್ಪ!"

ಆಗಲೇ ಫೋನು ಬಡಿದುಕೊಂಡಿತು. ಶಿವರಾಜು.

"ಪಟ್ಟಿ ಬಿಚ್ಚಿದ್ರು ಕಣೆ. ಮಧ್ಯಾಹ್ನಕ್ಕೆ ಬತ್ತೀವಿ. ನಮ್ಮಪ್ಪನ ಆಟ ಕೇಳು. ಕಣ್ಣು ಬಂದ ಮ್ಯಾಲೆ ಮೊದಲು ಮೀನೇ ನೋಡ್ಬೇಕಂತೆ. ಡಾಕ್ಟರ ಮಖ ಸೈತ ನೋಡ್ನಿಲ್ಲ. ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಕೊಂಡು ಕೂತವ್ರೆ!"

ಹಿಂದಿನಿಂದ ನಂಜಪ್ಪನ ದನಿ ಕೇಳಿಸಿತು: "ಏಯ್, ತೊಟ್ಟಿ ಲೈಟು ಹಾಕಿಟ್ಟಿರು ಅಂತ ಹೇಳ್ಲಾ!"

ನೇತ್ರಾವತಿ "ಹೂಂ" ಅಂದಳು.

ಅರ್ಧ ನೀರು ಹೊರಕ್ಕೆ, ಅರ್ಧ ಒಳಕ್ಕೆ; ಮತ್ತೆ ಅರ್ಧ. ಮಂಜು ಕರಗಿ ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಬೆಳ್ಳಮ್ಮನ ಬೊಗಸೆಯಲ್ಲಿ ಮೂರನೆಯದು ನಿಶ್ಚಲವಾಯಿತು. ಸ್ವಲ್ಪ ಹೊತ್ತಿಗೆ ನಾಲ್ಕನೆಯದು. ಅವಳು ಅವನ್ನು ಕನಕಾಂಬರದ ಬುಡದಲ್ಲಿ ಮಣ್ಣು ಮಾಡಿ, ತಲೆಗೆ ನೀರು ಹುಯ್ದುಕೊಂಡು ಬಂದಳು. ಎರಡು ಉಳಿದವು. ತಳದ ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡು ನಿಧಾನವಾಗಿ ಉಸಿರಾಡುತ್ತಿದ್ದವು.

"ನೇತ್ರಾ, ನಿಮ್ಮ ಮಾವಂಗೆ ಹೇಳ್ಬ್ಯಾಡ ಕಣವ್ವ," ಅಂದಳು ಬೆಳ್ಳಮ್ಮ. ಒದ್ದೆ ತಲೆಯಿಂದ ನೀರು ಇಳಿಯುತ್ತಿತ್ತು. "ನನ್ನ ಪೂಜೆ ಬಗ್ಗೆ ಇಷ್ಟು ವರ್ಸದಾಗೆ ಒಂದು ಅಡ್ಡಮಾತು ಆಡಿಲ್ಲ ಆ ಮನುಷ್ಯ. ಇದ್ರಿಂದ ಈಂಗಾಯ್ತು ಅಂತ ಗೊತ್ತಾದ್ರೆ..."

ಹಿರಿಯಳು ಕೈ ಹಿಡಿದು ಕೇಳಿದಾಗ ಇಲ್ಲ ಅನ್ನುವುದು ಹೇಗೆ? ನೇತ್ರಾವತಿ ತಲೆಯಾಡಿಸಿದಳು. ಧಾರಾಪಾತ್ರೆ ಅಟ್ಟಕ್ಕೆ ಹೋಯಿತು. ಪ್ಲಾಸ್ಟಿಕ್ ಬಕೆಟ್ಟು ಹಲಗೆಗೆ ಬಂತು.

ಮಧ್ಯಾಹ್ನ ಆಟೋದಿಂದ ಇಳಿದ ನಂಜಪ್ಪ ಮಗನ ಭುಜ ಹಿಡಿದು, ಕಣ್ಣು ಮುಚ್ಚಿಕೊಂಡೇ ಹೊಸ್ತಿಲು ದಾಟಿದ. "ಲೇ ಬೆಳ್ಳಿ, ದೃಷ್ಟಿಗಿಷ್ಟಿ ಆಮ್ಯಾಲೆ ತೆಗಿ. ಮೊದಲು ಕುರ್ಚಿ ತೋರ್ಸು" ಎಂದು ನಗಾಡುತ್ತ ತೊಟ್ಟಿಯ ಮುಂದೆ ಕುಳಿತ. ದೇವರ ಕೋಣೆಯ ಕಡೆ ಒಮ್ಮೆ ಕೈ ಮುಗಿದ. ಕನ್ನಡಕ ತೆಗೆದು ಕಣ್ಣು ಬಿಟ್ಟ.

"ಅಯ್ಯಯ್ಯೋ, ಏನು ಬಣ್ಣ!" ಅಂದ. "ಕೆಂಪಲ್ಲ ಕಣ್ರೋ, ಇದು ಚಿನ್ನ! ಬಾಲದಾಗೆ ಗೆರೆ ಬ್ಯಾರೆ ಅದೆ!"

ಆಮೇಲೆ ಹುಡುಕತೊಡಗಿದ. ಕಣ್ಣು ಗಾಜಿನ ಈ ಮೂಲೆಗೆ ಹೋಯಿತು, ಆ ಮೂಲೆಗೆ ಹೋಯಿತು, ಗಿಡದ ಹಿಂದೆ ಇಣುಕಿತು. ಮತ್ತೆ ಮೊದಲಿಂದ ಹುಡುಕಿದ. ಪೊರೆ ತೆಗೆದ ಕಣ್ಣು ಏನನ್ನೂ ಮರೆಮಾಚಲಿಲ್ಲ.

"ಎಲ್ಲಿ ಮಿಕ್ಕವು?"

ನೇತ್ರಾವತಿ ಸತ್ತ ಬಸವನಹುಳುಗಳನ್ನು ಎತ್ತುತ್ತಿದ್ದ ಪುಟ್ಟ ಬಲೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಂಜಪ್ಪನ ಕಣ್ಣು ಬಲೆಯ ಮೇಲೆ, ಅಲ್ಲಿಂದ ಹಲಗೆಯ ಬಕೆಟ್ಟಿನ ಮೇಲೆ ಹೋಯಿತು. ಮುಖದ ಬಣ್ಣ ಇಳಿಯಿತು.

"ಸುಲಭ ಮಾಡ್ತೀನಿ ಅಂದೆ. ಮಾಡ್ದೆ. ಬಕೀಟು ಎತ್ತಕ್ಕೆ ಆಗಾಕಿಲ್ಲ ಮಾವ ಅಂತ ಒಂದು ಮಾತು ಹೇಳಿದ್ರೆ, ಕುರುಡನಾಗಿದ್ರೂ ನಾನೇ ಎತ್ಕೋತಿದ್ನಲ್ಲ ತಾಯಿ." ಜೋರು ಮಾಡಲಿಲ್ಲ. ಅವಳ ಕೈಯಿಂದ ಬಲೆ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ. "ಇನ್ನು ಇದನ್ನ ಮುಟ್ಟಬ್ಯಾಡ."

ಶಿವರಾಜು ಹೆಂಡತಿಯನ್ನು ದುರುಗುಟ್ಟಿ ನೋಡಿ ಇನ್ನೊಂದು ಕುರ್ಚಿ ಎಳೆದುಕೊಂಡ, ಬಕೆಟ್ಟನ್ನು ಇಳಿಸಲಿಕ್ಕೆ.

ನೇತ್ರಾವತಿ, ಅತ್ತೆ ಸರಿದುಕೊಂಡಿದ್ದ ಅಡಿಗೆಮನೆಯ ಕಡೆ ನೋಡಲಿಲ್ಲ. ನೋಡಿದರೆ ನಿಜ ಹೇಳೆಂದು ಕೇಳಿದ ಹಾಗಾಗುತ್ತದೆ ಎಂದು ನೆಲ ನೋಡಿಕೊಂಡು ನಿಂತಳು.

"ಇಳಿಸಬ್ಯಾಡ ಕಣ್ಲಾ ಅದನ್ನ."

ಬೆಳ್ಳಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೂದಲು ಇನ್ನೂ ಕಟ್ಟಿರಲಿಲ್ಲ.

"ಅವಳು ಊರಲ್ಲೇ ಇರ್ನಿಲ್ಲ ಕಣ್ರೀ. ಅವಳ ಬಕೀಟು ತೆಗೆದು ನನ್ನ ಧಾರಾಪಾತ್ರೆ ಕಟ್ಟಿದೋಳು ನಾನು. ತಾಮ್ರದ ಕಿಲುಬು ಇಳೀತು. ಅವು ಬಾಯಿ ಬಿಟ್ಕೊಂಡು ಒದ್ದಾಡ್ತಿದ್ರೆ, ತೀರ್ಥ ಕುಡೀತವೆ ಅಂತ ಕೈಮುಗಿದು ನಿಂತಿದ್ದೆ ನಾನು. ಆ ಎರಡು ಉಳಿದಿರಾದು ಈ ಮಗಳಿಂದ."

ಶಿವರಾಜು ಕುರ್ಚಿಯ ಮೇಲೆ ಹತ್ತಿದ್ದವನು ಹಾಗೇ ನಿಂತ. ನಂಜಪ್ಪ ಹೆಂಡತಿಯ ಮುಖವನ್ನು ನೋಡಿದ. ವರ್ಷಗಳ ಮೇಲೆ ಅವಳ ಮುಖ ಅವನಿಗೆ ಚೆನ್ನಾಗಿ ಕಂಡದ್ದು ಅದೇ ಮೊದಲು. ಸುಕ್ಕು ಕಂಡಿತು. ಅತ್ತು ಊದಿದ ಕಣ್ಣು ಕಂಡಿತು.

ಆಮೇಲೆ ತೊಡೆಯ ಮೇಲಿದ್ದ ಬಲೆಯನ್ನು ತಗೊಂಡ. ನೆಲ ನೋಡುತ್ತಿದ್ದ ಸೊಸೆಯ ಕೈಯನ್ನು ಹಿಡಿದು ಬಿಡಿಸಿ, ಅದರೊಳಗಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದ.